ಪರಿಹಾರದ ಹಣ ಮಂಜೂರಾಗಿದೆ ಅಂತಾರೆ, ಖಾತೆಗೆ ಮಾತ್ರ ಬಂದಿಲ್ಲ: ಎಲ್ಲಿಂದ ಶುರು ಮಾಡ್ಬೇಕು, ಯಾವ ಕೌಂಟರಿಗೆ ಹೋಗ್ಬೇಕು

ಮಳೆಗಾಲ ಮುಗೀತಾ ಬಂದ ಹಾಗೆ ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಸಿರ್ಸಿ ಸಿದ್ದಾಪುರ ಯಲ್ಲಾಪುರದಲ್ಲೂ ಒಂದೇ ಮಾತು, ಪಕ್ಕದ ಮನೆಗೆ ಬಂತು ನಮಗೆ ಬರ್ಲಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ ತಾಲೂಕಾಫೀಸಿಗೆ ಹೋಗಿ ಅಂತಾರೆ, ತಾಲೂಕಾಫೀಸಲ್ಲಿ ನಮ್ಮ ಕಡೆಯಿಂದ ಹೋಗಿದೆ ಬ್ಯಾಂಕಲ್ಲೇ ಕೇಳಿ ಅಂತಾರೆ, ಹೀಗೆ ಬಸ್ ಚಾರ್ಜು ಕೊಟ್ಟು ಕೂಲಿ ಬಿಟ್ಟು ತಿರುಗಿ ತಿರುಗಿ ಕೊನೆಗೆ ಜನ ಕೈಬಿಟ್ಟೇ ಬಿಡ್ತಾರೆ. ಬೇಜಾರಿನ ವಿಷಯ ಏನಂದ್ರೆ ಎರಡೂ ಕಡೆಯವರು ಹೇಳೋದು ಹೆಚ್ಚಾಗಿ ನಿಜಾನೇ ಇರ್ತದೆ.

ಹಣ ಸಿಕ್ಕಿಹಾಕ್ಕೊಳ್ಳೋ ಜಾಗ ನಾಲ್ಕೇ. ಪಟ್ಟೀಲಿ ಹೆಸರೇ ಇಲ್ಲ, ಹೆಸರಿದೆ ಆದ್ರೆ ದಾಖಲೆ ತಾಳೆ ಆಗ್ತಿಲ್ಲ, ದಾಖಲೆ ಸರಿ ಇದೆ ಆದ್ರೆ ಆಧಾರ್ ಯಾವ್ದೋ ಬೇರೆ ಖಾತೆಗೆ ಜೋಡಣೆ ಆಗಿದೆ, ಅಥವಾ ಖಾತೆನೇ ಸತ್ತಿದೆ. ನಿಮ್ಮದು ಯಾವ್ದು ಅಂತ ಗೊತ್ತಾದ ಮೇಲೆ ಆ ಒಂದು ಕೌಂಟರಿಗೆ ಮಾತ್ರ ಹೋಗಿ. ಅದಕ್ಕೇ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ನಡುವೆ ಹಾರಿಸ್ಬೇಡಿ.

ಹಂತ 1: ಒಂದು ಫೈಲ್ ಮಾಡ್ಕೊಳ್ಳಿ

ಬೇಕಾಗೋದು ಇಷ್ಟು: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಮೀನಿದ್ರೆ ಈ ವರ್ಷದ ಪಹಣಿ, ಮನೆ ಹಾನಿಗೆ ಪಂಚಾಯ್ತಿಯ ಮನೆ ತೆರಿಗೆ ರಸೀದಿ. ಎಲ್ಲದರ ಎರಡೆರಡು ಜೆರಾಕ್ಸ್. ಆಧಾರಿಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ಈಗ್ಲೂ ಚಾಲ್ತಿಯಲ್ಲಿ ಇದ್ಯಾ ಅಂತ ಇವತ್ತೇ ನೋಡಿ. ಮಗ ಬೆಂಗಳೂರಿಗೆ ಹೋಗುವಾಗ ಅದೇ ಸಿಮ್ ತಗೊಂಡು ಹೋಗಿರ್ತಾನೆ, ಒಟಿಪಿ ಎಲ್ಲಾ ಅವನಿಗೆ ಹೋಗ್ತದೆ, ಇಲ್ಲಿ ಅಮ್ಮ ಕೌಂಟರಲ್ಲಿ ನಿಂತು ಕಾಯ್ತಿರ್ತಾರೆ. ನಂಬರ್ ಬಂದ್ ಆಗಿದ್ರೆ ಆಧಾರ್ ಕೇಂದ್ರದಲ್ಲಿ ಬದಲಾಯಿಸ್ಬಹುದು, ಅಲ್ಲಿ ಬೆರಳಚ್ಚು ಕೊಡ್ಬೇಕಾಗ್ತದೆ, ಹಾಗಾಗಿ ಅಮ್ಮನೇ ಹೋಗ್ಬೇಕು, ಪರವಾಗಿ ಮಗ ಹೋದ್ರೆ ಆಗೋದಿಲ್ಲ.

ಹಂತ 2: ಯಾವ ಹಣ ಅಂತ ಹೆಸರು ಹಿಡಿದು ಹೇಳಿ

"ಸರ್ಕಾರದ ದುಡ್ಡು ಬಂದಿಲ್ಲ" ಅಂತ ಹೋಗಿ ಕೇಳಿದ್ರೆ ಯಾರೂ ಉತ್ತರ ಕೊಡೋಕಾಗಲ್ಲ, ಯಾಕಂದ್ರೆ ಒಂದೊಂದು ಹಣಕ್ಕೆ ಒಂದೊಂದು ಇಲಾಖೆ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ತಾಲೂಕಿನ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸಲ್ಲಿ ಕೇಳ್ಬೇಕು. ಪಿಎಂ ಕಿಸಾನ್ ವರ್ಷಕ್ಕೆ 6,000, ಮೂರು ಕಂತು, ಅದು ಕೃಷಿ ಇಲಾಖೆ, ರೈತ ಸಂಪರ್ಕ ಕೇಂದ್ರ. ಬೆಳೆ ಹಾನಿ, ಮನೆ ಹಾನಿ, ಜಾನುವಾರು ಸತ್ತಿದ್ದು ಕಂದಾಯ ಇಲಾಖೆ, ಅಂದ್ರೆ ಊರಿನ ಗ್ರಾಮ ಆಡಳಿತ ಅಧಿಕಾರಿ, ನಾವೆಲ್ಲ ವಿಎ ಅಂತ ಕರೀತೀವಲ್ಲ ಅವರು, ಅವರ ಮೇಲೆ ತಹಶೀಲ್ದಾರ್. ದೋಣಿ ಬಲೆ ಮೀನುಗಾರಿಕೆ ಇಲಾಖೆ.

ಬೆಳೆ ವಿಮೆ ಮಾತ್ರ ಪರಿಹಾರ ಅಲ್ಲ, ಇದನ್ನ ಬಹಳ ಜನ ಕಲಸಿಕೊಳ್ತಾರೆ. ಅಡಿಕೆ, ಕಾಳುಮೆಣಸಿಗೆ ಸೊಸೈಟೀಲಿ ಪ್ರೀಮಿಯಂ ಕಟ್ತೀವಲ್ಲ, ಅದು ಹವಾಮಾನ ಆಧಾರಿತ ವಿಮೆ, ಪಂಚಾಯ್ತಿ ಮಟ್ಟದ ಮಳೆ ಅಂಕಿಅಂಶದ ಮೇಲೆ ಲೆಕ್ಕ ಆಗ್ತದೆ, ನಿಮ್ಮ ತೋಟದಲ್ಲಿ ಕೊಳೆ ಎಷ್ಟು ಬಂದಿದೆ ಅಂತ ಯಾರೂ ಬಂದು ನೋಡೋದಿಲ್ಲ. ಅದರ ಸ್ಥಿತಿ ಸಂರಕ್ಷಣೆ ಪೋರ್ಟಲಲ್ಲಿ ಸಿಗ್ತದೆ. ವಿಮೆ ಹಣ ಬರ್ಲಿಲ್ಲ ಅಂತ ವಿಎ ಹತ್ರ ಜಗಳ ಮಾಡಿ ಉಪಯೋಗ ಇಲ್ಲ, ಅವರ ಕೈಯಲ್ಲಿ ಅದು ಇಲ್ವೇ ಇಲ್ಲ.

ಹಂತ 3: ಅರ್ಹತೆ ನಿಮಗಿದ್ಯಾ, ಎಷ್ಟಕ್ಕೆ ಇದೆ

ಗೃಹಲಕ್ಷ್ಮಿಗೆ ರೇಷನ್ ಕಾರ್ಡಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ ಮಾತ್ರ. ಅವರಾಗ್ಲಿ ಗಂಡ ಆಗ್ಲಿ ಆದಾಯ ತೆರಿಗೆ ಕಟ್ತಿದ್ರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸ್ತಿದ್ರೆ ಇಲ್ಲ. ಮಗ ಕಟ್ತಾನೆ ಅನ್ನೋದು ಕಾರಣ ಆಗೋದಿಲ್ಲ. ಅತ್ತೆ ಯಜಮಾನಿ ಆಗಿದ್ದು ತೀರಿಹೋಗಿದ್ರೆ ಮೊದಲು ರೇಷನ್ ಕಾರ್ಡಲ್ಲಿ ಅವರ ಹೆಸರು ತೆಗೆಸಿ ಸೊಸೆಯನ್ನ ಯಜಮಾನಿ ಮಾಡ್ಬೇಕು, ಆಮೇಲೆ ಸೊಸೆ ಹೆಸರಲ್ಲಿ ಹೊಸ ಅರ್ಜಿ. ಇದನ್ನ ಉಲ್ಟಾ ಮಾಡಿದ್ರೆ ಅರ್ಜಿ ಮುಂದಕ್ಕೇ ಹೋಗೋದಿಲ್ಲ. ತೆರಿಗೆ ಕಟ್ಟದೇ ಇದ್ರೂ ಕಟ್ತೀರಿ ಅಂತ ತೋರಿಸ್ತಿದ್ರೆ, ತೆರಿಗೆ ಇಲಾಖೆಯಿಂದ ಇಲ್ಲ ಅಂತ ಬರೆಸ್ಕೊಂಡು ಸಿಡಿಪಿಒ ಆಫೀಸಿಗೆ ಕೊಡ್ಬೇಕಾಗ್ತದೆ.

ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಲ್ಲಿ ಇರ್ಬೇಕು. ಆಮೇಲೆ ಖರೀದಿ ಮಾಡಿದ್ರೆ ಇಲ್ಲ, ಆದ್ರೆ ಅಪ್ಪ ತೀರಿಹೋಗಿ ವಾರಸಾಗಿ ಬಂದಿದ್ರೆ ಇದೆ. ಕುಟುಂಬ ಅಂದ್ರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ಒಂದು ಕುಟುಂಬಕ್ಕೆ ಒಬ್ಬರಿಗೇ. ಹಾಗಾಗಿ ಜಂಟಿ ಪಹಣೀಲಿ ಇರೋ ಮೂರು ಜನ ಅಣ್ಣತಮ್ಮಂದಿರು ಬೇರೆ ಬೇರೆ ಕುಟುಂಬ ಆಗಿದ್ರೆ ಅವರವರ ಪಾಲಿಗೆ ಅವರವರು ಅರ್ಹರು. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ಗ್ರೂಪ್ ಡಿ ಬಿಟ್ಟು ಬೇರೆ ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಜಾಸ್ತಿ ಪೆನ್ಶನ್ ಬರೋರು, ವೃತ್ತಿ ಮಾಡ್ತಿರೋ ಡಾಕ್ಟರ್ ವಕೀಲರು, ಇವರಿಗೆಲ್ಲ ಇಲ್ಲ.

ಬೆಳೆ ಹಾನಿ ವಿಷಯದಲ್ಲಿ ನಿರೀಕ್ಷೆ ಮತ್ತು ಲೆಕ್ಕದ ನಡುವೆ ದೊಡ್ಡ ಅಂತರ ಇದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಅವಧಿಯ ಮಾರ್ಗಸೂಚಿ ಪ್ರಕಾರ ಬೆಳೆ ಶೇಕಡಾ 33 ಅಥವಾ ಜಾಸ್ತಿ ಹಾಳಾಗಿರ್ಬೇಕು. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅಡಿಕೆ ತೆಂಗಿನಂಥ ಬಹುವಾರ್ಷಿಕಕ್ಕೆ 22,500 ರೂಪಾಯಿ, ಅದೂ 2 ಹೆಕ್ಟೇರ್ ತನಕ ಮಾತ್ರ. ಒಂದು ಹೆಕ್ಟೇರ್ ಅಂದ್ರೆ ಹತ್ತಿರತ್ತಿರ ಎರಡೂವರೆ ಎಕರೆ. ಅಂದ್ರೆ 20 ಗುಂಟೆ ತೋಟ ಹಾಳಾದ್ರೆ ಬರೋದು ಸುಮಾರು 4,500. ರಾಜ್ಯ ಸರ್ಕಾರ ಕೆಲವು ಸಲ ಇದರ ಮೇಲೆ ಸೇರಿಸಿ ಕೊಡ್ತದೆ, ಅದು ಆ ವರ್ಷದ ಆದೇಶ ನೋಡಿನೇ ಹೇಳ್ಬೇಕು. ನಷ್ಟ ತುಂಬಿಕೊಡೋ ಹಣ ಅಲ್ಲ ಇದು, ಮುಂದಿನ ಬೆಳೆಗೆ ಗೊಬ್ಬರ ಬೀಜದ ಖರ್ಚಿಗೆ ಅಂತ ಕೊಡೋ ಸಹಾಯಧನ. ಲಕ್ಷಗಟ್ಟಲೆ ಬರ್ತದೆ ಅಂತ ಯಾರಾದ್ರೂ ಹೇಳಿ ಅದಕ್ಕೆ ಖರ್ಚು ಕೇಳಿದ್ರೆ ಅಲ್ಲಿಗೇ ಎದ್ದು ಬನ್ನಿ.

ಮನೆಗೆ ಕನಿಷ್ಠ ಶೇಕಡಾ 15 ಹಾನಿ ಆಗಿರ್ಬೇಕು. ಅದೇ ಮಾರ್ಗಸೂಚೀಲಿ ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಹೋದ್ರೆ 1,20,000. ಹಾಲು ಕೊಡೋ ಆಕಳು ಎಮ್ಮೆಗೆ 37,500. ಇಲ್ಲೂ ರಾಜ್ಯದ ಆದೇಶ ಬೇರೆ ಇರ್ಬಹುದು.

ಮೀನುಗಾರರಿಗೆ ಬರೋ ಉಳಿತಾಯ ಮತ್ತು ಪರಿಹಾರ ಯೋಜನೇಲಿ ನೀವು ಮೊದಲೇ 1,500 ತುಂಬಿರ್ಬೇಕು, ಕೇಂದ್ರ ರಾಜ್ಯ ಸೇರಿ 3,000 ಹಾಕಿ ಒಟ್ಟು 4,500ನ ಮೀನುಗಾರಿಕೆ ನಿಷೇಧ ಇರೋ ಅಥವಾ ಕಮ್ಮಿ ಇರೋ ಮೂರು ತಿಂಗಳಲ್ಲಿ ಕೊಡ್ತಾರೆ. ಬಿಪಿಎಲ್ ಇರ್ಬೇಕು, ಮೀನುಗಾರರ ಸಹಕಾರಿ ಸಂಘದ ಸದಸ್ಯತ್ವ ಇರ್ಬೇಕು. ಜೂನ್ 1ರಿಂದ ಜುಲೈ 31ರ ನಿಷೇಧ ಶುರುವಾದ ಮೇಲೆ ಹೋಗಿ ಕೇಳಿದ್ರೆ ಕಂತು ತುಂಬೋ ಟೈಮ್ ದಾಟಿಹೋಗಿರ್ತದೆ. ಸಂಘದಲ್ಲಿ ವರ್ಷದ ಮೊದಲೇ ವಿಚಾರಿಸಿ ಇಟ್ಕೊಳ್ಳಿ.

ಹಂತ 4: ಹಾನಿ ಆದ ದಿನವೇ ಮಾಡ್ಬೇಕಾದ್ದು

ಗಂಗಾವಳಿ ನೀರು ಮನೆಯೊಳಗೆ ಬಂದು ಇಳಿದ ಕೂಡ್ಲೇ ನಮ್ಮವರು ಮೊದಲು ಮಾಡೋ ಕೆಲಸ ಕೆಸರು ತೊಳೆಯೋದು, ಬಿದ್ದ ಮಣ್ಣಿನ ಗೋಡೆ ಎತ್ತಿ ಹಾಕೋದು. ಮಾಡ್ಬೇಡಿ ಅಂತ ಹೇಗೆ ಹೇಳ್ಲಿ, ಮಕ್ಕಳು ಮುದುಕರು ಇರ್ತಾರೆ. ಆದ್ರೆ ತೊಳೆಯೋ ಮೊದಲು ಹತ್ತು ನಿಮಿಷ ಫೋಟೋಕ್ಕೆ ಕೊಡಿ. ಗೋಡೆ ಮೇಲೆ ನೀರು ನಿಂತ ಗೆರೆ, ಮನೆ ಪೂರ್ತಿ ಕಾಣೋ ಹಾಗೆ ಹೊರಗಿಂದ ಒಂದು, ಮನೆ ನಂಬರ್ ಅಥವಾ ಕರೆಂಟ್ ಮೀಟರ್ ಜೊತೆಗೆ ಒಂದು, ಒಳಗೆ ಹಾಳಾದ ಅಕ್ಕಿ, ಹಾಸಿಗೆ, ಪಾತ್ರೆ. ಮೊಬೈಲಲ್ಲಿ ಲೊಕೇಶನ್ ಆನ್ ಇಟ್ಟು ತೆಗೀರಿ. ತೋಟದಲ್ಲಿ ಧರೆ ಕುಸಿದಿದ್ರೆ ದೂರದಿಂದ ಒಂದು, ಮಣ್ಣಡಿ ಹೋದ ಮರದ ಹತ್ರ ಒಂದು. ಧರೆ ಇನ್ನೂ ಜಾರ್ತಿದ್ರೆ ಫೋಟೋ ಆಸೆಗೆ ಕೆಳಗೆ ಹೋಗ್ಬೇಡಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಏನು ಮಾಡ್ತು ಅಂತ ನಾವೆಲ್ಲ ನೋಡಿದೀವಿ.

ಆಮೇಲೆ ವಿಎಗೆ ಫೋನ್, ಜೊತೆಗೆ ಪಂಚಾಯ್ತಿಗೂ. ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೂ ಹೇಳಿ, ಅಲ್ಲಿ ದೂರು ದಾಖಲಾಗಿ ತಾರೀಖು ಸಿಗ್ತದೆ. ವಿಎ ಬಂದು ಪಂಚನಾಮೆ ಮಾಡುವಾಗ ನೀವು ಅಲ್ಲೇ ಇರಿ, ಬರೆದಿದ್ದನ್ನ ಓದಿಸ್ಕೊಂಡು ಸಹಿ ಹಾಕಿ, ಪೇಜಿನ ಫೋಟೋ ಒಂದು ತೆಗೆದಿಟ್ಕೊಳ್ಳಿ. "ಭಾಗಶಃ" ಅಂತ ಬರೆದ್ರಾ "ಪೂರ್ಣ" ಅಂತ ಬರೆದ್ರಾ ಅನ್ನೋ ಒಂದು ಶಬ್ದದ ಮೇಲೆ ಸಾವಿರ ಬರ್ತದೋ ಲಕ್ಷ ಬರ್ತದೋ ನಿರ್ಧಾರ ಆಗ್ತದೆ. ದನ ಸತ್ತಿದ್ರೆ ಪಶುವೈದ್ಯರು ಪೋಸ್ಟ್‌ಮಾರ್ಟಂ ಮಾಡೋ ತನಕ ಹೂಳ್ಬೇಡಿ.

ಹಂತ 5: ಪಹಣಿ, ಬೆಳೆ ಸಮೀಕ್ಷೆ, ಎಫ್‌ಐಡಿ ಮೂರೂ ಒಂದೇ ಮಾತು ಹೇಳ್ಬೇಕು

ಪಹಣೀಲಿ 9ನೇ ಕಾಲಂ ನೋಡಿ, ಅಲ್ಲಿ ಯಾರ ಹೆಸರಿದೆ? ನಮ್ಮ ಜಿಲ್ಲೇಲಿ ಎಷ್ಟೋ ಮನೇಲಿ ಇನ್ನೂ ಅಜ್ಜನ ಹೆಸರೇ ಇದೆ, ಅಜ್ಜ ಹೋಗಿ ಕಾಲ ಆಗಿದೆ, ತೋಟ ಮಾಡ್ತಿರೋದು ಮೊಮ್ಮಗ. ಸತ್ತವರ ಹೆಸರಿಗೆ ಹಣ ಬರೋದಿಲ್ಲ. ಮರಣ ಪ್ರಮಾಣಪತ್ರ ಮತ್ತೆ ವಂಶವೃಕ್ಷ ಮಾಡಿಸಿ ನಾಡಕಚೇರೀಲಿ ಪೌತಿ ಖಾತೆಗೆ, ಅಂದ್ರೆ ಸತ್ತವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋದಕ್ಕೆ, ಅರ್ಜಿ ಕೊಡಿ. ಪಾಲಾಗೋದಕ್ಕೆ ಅಣ್ಣತಮ್ಮಂದಿರಲ್ಲಿ ಒಪ್ಪಿಗೆ ಇಲ್ಲದಿದ್ರೂ ಪರವಾಗಿಲ್ಲ, ಎಲ್ಲಾ ವಾರಸುದಾರರ ಹೆಸರು ಜಂಟಿಯಾಗಿ ಹತ್ತಿಸ್ಬಹುದು, ಪಾಲು ಆಮೇಲೆ ಮಾಡ್ಕೊಳ್ಳಿ. ಪಾಲಿನ ಜಗಳಕ್ಕೆ ಪೌತಿ ನಿಲ್ಲಿಸಿ ಎಲ್ಲರೂ ಕಳ್ಕೊಳ್ಳೋದು ನೋಡಿದ್ರೆ ಹೊಟ್ಟೆ ಉರೀತದೆ.

ಎರಡನೇದು ಬೆಳೆ ಸಮೀಕ್ಷೆ. ಊರಿನ ಹುಡುಗರು ಮೊಬೈಲ್ ಹಿಡ್ಕೊಂಡು ಬಂದು ಫೋಟೋ ತೆಗೀತಾರಲ್ಲ, ಆ ಡೇಟಾ ನೋಡಿನೇ ಪರಿಹಾರ ಕೊಡೋದು. ಬೆಳೆ ದರ್ಶಕ ಆಪಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದ್ರೆ ಯಾವ ಬೆಳೆ, ಎಷ್ಟು ಜಾಗ ಅಂತ ಬರ್ತದೆ. ಅಡಿಕೆ ಇರೋ ಜಾಗ ಪಾಳು ಅಂತಲೋ ಭತ್ತ ಅಂತಲೋ ಇದ್ರೆ ಆಕ್ಷೇಪಣೆ ಹಾಕಿ, ಅವಧಿ ಮುಗಿದ್ಮೇಲೆ ಸರಿಮಾಡೋದು ಬಹಳ ಕಷ್ಟ.

ಮೂರನೇದು ರೈತರ ಗುರುತಿನ ನಂಬರ್, ಅಂದ್ರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ. ಎಫ್‌ಐಡಿ ಇದೆ ಅಂದ್ರೆ ಸಾಲದು, ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿರ್ಬೇಕು. ಸಾಲಕ್ಕೆ ಅಂತ ಸೊಸೈಟೀಲಿ ಒಂದು ನಂಬರ್ ಹಾಕಿಸಿರ್ತೀರಿ, ಹಾಳಾದ ತೋಟ ಬೇರೆ ನಂಬರಲ್ಲಿ ಇರ್ತದೆ. ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೇಲಿ ಪಹಣಿ, ಆಧಾರ್ ಕೊಟ್ರೆ ಸೇರಿಸ್ತಾರೆ. ಹೆಸರು ಆಧಾರಲ್ಲಿ "ಗಣಪತಿ ಸುಬ್ರಾಯ ಹೆಗಡೆ", ಪಹಣೀಲಿ "ಗಣಪ ಸುಬ್ಬ ಹೆಗಡೆ" ಅಂತ ಇದ್ರೆ ಅದನ್ನೂ ಆವತ್ತೇ ಎತ್ತಿ ತೋರಿಸಿ, ಎಫ್‌ಐಡಿ ಜೋಡಣೆ ಅಲ್ಲೇ ನಿಲ್ಲೋದು ಜಾಸ್ತಿ.

ಅತಿಕ್ರಮಣ ಜಮೀನಲ್ಲಿ ತಲೆಮಾರಿಂದ ತೋಟ ಮಾಡ್ಕೊಂಡು ಬಂದವರಿಗೆ ಪಹಣಿ ಇಲ್ಲ, ಹಾಗಾಗಿ ಬೆಳೆ ಪರಿಹಾರವೂ ಹೆಚ್ಚಾಗಿ ಸಿಗೋದಿಲ್ಲ. ಮಳೆ ಯಾರ ತೋಟಾನೂ ಬಿಡೋದಿಲ್ಲ, ಕಾಗದ ಇಲ್ಲ ಅಂತ ಹಾನಿ ಕಮ್ಮಿ ಆಗೋದಿಲ್ಲ, ಇದು ನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ರೆ ಅದರ ಪ್ರತಿ ಲಗತ್ತಿಸಿ, ಮನೆ ಹಾನಿ ಆಗಿದ್ರೆ ಪಂಚಾಯ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್ ಹಿಡಿದು ಅರ್ಜಿ ಕೊಡೋದನ್ನ ಮಾತ್ರ ಬಿಡ್ಬೇಡಿ.

ಹಂತ 6: ಆಧಾರ್ ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ

ಜಾಸ್ತಿ ಜನ ಸೋಲೋದು ಇಲ್ಲೇ. ಸರ್ಕಾರ ಡಿಬಿಟಿ, ಅಂದ್ರೆ ನೇರ ಖಾತೆಗೆ ಹಾಕೋ ಹಣ ಕಳಿಸುವಾಗ ನಿಮ್ಮ ಅಕೌಂಟ್ ನಂಬರ್ ನೋಡೋದೇ ಇಲ್ಲ, ಆಧಾರ್ ನಂಬರ್ ನೋಡಿ ಕಳಿಸ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಅಂತ, ಬ್ಯಾಂಕುಗಳ ನಡುವೆ ಹಣ ದಾಟಿಸೋ ಸಂಸ್ಥೆ ಎನ್‌ಪಿಸಿಐ ಹತ್ರ ಒಂದು ಪಟ್ಟಿ ಇದೆ, ಅದರಲ್ಲಿ ಸೇರಿಸೋದೇ ಮ್ಯಾಪಿಂಗ್, ಒಂದು ಆಧಾರಿಗೆ ಒಂದೇ ಬ್ಯಾಂಕ್. ನಿಮಗೆ ನಾಲ್ಕು ಖಾತೆ ಇದ್ದು ನಾಲ್ಕಕ್ಕೂ ಆಧಾರ್ ಕೊಟ್ಟಿರ್ಬಹುದು, ಅದು ಕೆವೈಸಿ, ಅಂದ್ರೆ ಗುರುತಿನ ದಾಖಲೆ ಅಷ್ಟೆ. ಹಣ ಬರೋದು ಕೊನೆಗೆ ಮ್ಯಾಪ್ ಆದ ಒಂದಕ್ಕೆ ಮಾತ್ರ.

ಹಾಗಾಗಿ ಬ್ಯಾಂಕಲ್ಲಿ "ಆಧಾರ್ ಲಿಂಕ್ ಇದ್ಯಾ" ಅಂತ ಕೇಳ್ಬೇಡಿ, ಇದೆ ಅಂತಲೇ ಹೇಳ್ತಾರೆ. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದ್ಯಾ, ಈಗ ಯಾವ ಬ್ಯಾಂಕಿಗಿದೆ" ಅಂತ ಕೇಳಿ. ಅದಕ್ಕಿಂತ ಮೊದಲು ಮನೇಲೇ ನೋಡ್ಬಹುದು: ಮೈ ಆಧಾರ್ ವೆಬ್‌ಸೈಟಿಗೆ ಆಧಾರ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಅಥವಾ ಇನಾಕ್ಟಿವ್, ತಾರೀಖು ಬರ್ತದೆ. ಅಲ್ಲಿ ನೀವು ಕೇಳೇ ಇಲ್ಲದ ಪೇಮೆಂಟ್ಸ್ ಬ್ಯಾಂಕಿನ ಹೆಸರು ಬಂದ್ರೆ ಗಾಬರಿ ಆಗ್ಬೇಡಿ, ಯಾವತ್ತೋ ಸಿಮ್ ತಗೊಳ್ಳುವಾಗ ಬೆರಳು ಒತ್ತಿಸ್ಕೊಂಡು ಖಾತೆ ತೆರೆದಿರ್ತಾರೆ, ಹಿಂದಿನ ಕಂತೆಲ್ಲ ಅಲ್ಲೇ ಬಿದ್ದಿರ್ಬಹುದು. ಆ ಹಣ ಮೊದಲು ತೆಗೀರಿ, ಆಮೇಲೆ ಮ್ಯಾಪಿಂಗ್ ಬದಲಾಯಿಸಿ.

ಬದಲಾಯಿಸೋಕೆ ಬೇಕಾದ ಬ್ಯಾಂಕಿನ ಶಾಖೆಗೇ ಹೋಗಿ ಆಧಾರ್ ಸೀಡಿಂಗ್ ಫಾರ್ಮ್ ತುಂಬಿ. ಅದರಲ್ಲಿ ಹಳೇ ಬ್ಯಾಂಕಿಂದ ಈ ಬ್ಯಾಂಕಿಗೆ ಬದಲಾಯಿಸ್ತಿದ್ದೀನಿ ಅನ್ನೋ ಸಾಲು ಇರ್ತದೆ, ಹಳೇ ಬ್ಯಾಂಕಿನ ಹೆಸರು ಬರೀಬೇಕು. ಆ ಜಾಗ ಖಾಲಿ ಬಿಟ್ಟು ಸಹಿ ಹಾಕಿ ಕೊಟ್ಟವರದ್ದು ಎಷ್ಟೋ ಸಲ ಹಳೇ ಬ್ಯಾಂಕಲ್ಲೇ ಉಳಿದಿರ್ತದೆ. ಕೊಟ್ಟು ಕೆಲವು ದಿನ ಬಿಟ್ಟು ಮತ್ತೆ ಮೈ ಆಧಾರಲ್ಲಿ ನೋಡಿ, ಹೊಸ ಹೆಸರು, ಹೊಸ ತಾರೀಖು ಬಂದ್ರೆ ಮಾತ್ರ ಆಯ್ತು ಅಂತ ಲೆಕ್ಕ, ಕೌಂಟರಲ್ಲಿ ಆಯ್ತು ಹೋಗಿ ಅಂದಿದ್ದು ಲೆಕ್ಕ ಅಲ್ಲ.

ಇನ್ನೆರಡು ಮಾತು. ಊರಿನ ಸೊಸೈಟೀಲಿರೋ ಉಳಿತಾಯ ಖಾತೆಗೆ ಡಿಬಿಟಿ ಬರೋದಿಲ್ಲ, ಬ್ಯಾಂಕ್ ಖಾತೆನೇ ಬೇಕು. ಮತ್ತೆ ನಮ್ಮ ಕಡೆ ಬಹಳ ಜನರ ಖಾತೆ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ಒಂದಾಗಿದೆ, ಸಿಂಡಿಕೇಟ್ 2020ರಲ್ಲೇ ಕೆನರಾಕ್ಕೆ ಸೇರಿತ್ತು. ಹಳೇ ಪಾಸ್‌ಬುಕ್ ಹಿಡ್ಕೊಂಡೇ ಕೂತಿದ್ರೆ ಶಾಖೆಗೆ ಹೋಗಿ ಹೊಸದು ಮಾಡಿಸಿ, ಐಎಫ್‌ಎಸ್‌ಸಿ ಕೋಡ್ ಕೇಳಿ ಬರ್ಕೊಳ್ಳಿ. ಎರಡು ವರ್ಷ ನೀವು ಏನೂ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯ ಆಗ್ಬಹುದು, ಕೆವೈಸಿ ಕೊಟ್ರೆ ಮತ್ತೆ ಶುರು ಮಾಡ್ತಾರೆ, ಅದಕ್ಕೆ ಶುಲ್ಕ ಇಲ್ಲ.

ಹಂತ 7: ಸ್ಟೇಟಸ್ ನೋಡಿ, ಅದು ಹೇಳಿದ ಕಡೆ ಮಾತ್ರ ಹೋಗಿ

ಡಿಬಿಟಿ ಕರ್ನಾಟಕ ಆಪ್ ಹಾಕ್ಕೊಳ್ಳಿ, ಆಧಾರ್ ಒಟಿಪಿ ಕೊಟ್ಟು ಒಂದು ಪಿನ್ ಇಟ್ರೆ ರಾಜ್ಯದ ಯಾವ ಯೋಜನೆ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯ್ತು ಅಂತ ಪಟ್ಟಿ ಬರ್ತದೆ. ಬೆಳೆ ಹಾನಿಗೆ ಭೂಮಿ ವೆಬ್‌ಸೈಟಿನ ಪರಿಹಾರ ಪೇಮೆಂಟ್ ಪುಟ, ಅಲ್ಲಿ ವರ್ಷ ಮತ್ತೆ ವಿಪತ್ತಿನ ವಿಧ ಸರಿಯಾಗಿ ಆರಿಸ್ಬೇಕು. ಅತಿವೃಷ್ಟಿ ಹಣಕ್ಕೆ ಬರ ಅಂತ ಆರಿಸಿದ್ರೆ ಏನೂ ತೋರಿಸೋದಿಲ್ಲ, ಜನ ಪಟ್ಟೀಲೇ ಇಲ್ಲ ಅಂತ ವಾಪಸ್ ಬರ್ತಾರೆ. ಪಿಎಂ ಕಿಸಾನ್‌ಗೆ ಅದರದ್ದೇ ಪೋರ್ಟಲ್, ಸಹಾಯವಾಣಿ 155261. ಬೆರಳಚ್ಚು ಬೀಳದ ಹಿರಿಯರಿಗೆ ಪಿಎಂ ಕಿಸಾನ್ ಆಪಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡಿಸ್ಬಹುದು.

ಏನೂ ಬರ್ತಿಲ್ಲ ಅಂದ್ರೆ ಹಂತ 4, 5ರ ತೊಂದರೆ, ವಿಎ ಹತ್ರ ಹೋಗಿ. ಆಧಾರ್ ಮ್ಯಾಪ್ ಆಗಿಲ್ಲ ಅಂತ ಬಂದ್ರೆ ಬ್ಯಾಂಕ್. ಖಾತೆ ಮುಚ್ಚಿದೆ ಅಂತಲೋ ಬ್ಲಾಕ್ ಆಗಿದೆ ಅಂತಲೋ ಬಂದ್ರೂ ಬ್ಯಾಂಕೇ, ಆದ್ರೆ ಸರಿಮಾಡಿಸಿದ ಮೇಲೆ ಇಲಾಖೆಗೆ ಬಂದು ಮತ್ತೆ ಕಳಿಸಿ ಅಂತ ಬರೆದು ಕೊಡ್ಬೇಕು. ವಾಪಸ್ ಹೋದ ಹಣ ತಾನಾಗೇ ಬರ್ತದೆ ಅಂತ ಕಾಯ್ತಾ ಕೂತವರದ್ದು ಹಾಗೇ ಉಳೀತದೆ. ಜಮಾ ಆಗಿದೆ ಅಂತ ತೋರಿಸಿ ಪಾಸ್‌ಬುಕ್ಕಲ್ಲಿ ಇಲ್ಲದಿದ್ರೆ ಬ್ಯಾಂಕಿನ ಹೆಸರು ಇನ್ನೊಮ್ಮೆ ಓದಿ, ಬೇರೆ ಖಾತೆಗೆ ಹೋಗಿರ್ತದೆ.

ಈ ಹೊತ್ತಲ್ಲೇ ಮೋಸದ ಫೋನ್ ಬರೋದು ಜಾಸ್ತಿ. ಪರಿಹಾರ ಮಂಜೂರಾಗಿದೆ ಒಟಿಪಿ ಹೇಳಿ, ಈ ಫೈಲ್ ಇನ್‌ಸ್ಟಾಲ್ ಮಾಡಿ, ಹಣ ಪಡೆಯೋಕೆ ಯುಪಿಐ ಪಿನ್ ಒತ್ತಿ, ಇದರಲ್ಲಿ ಯಾವ್ದು ಕೇಳಿದ್ರೂ ಫೋನ್ ಕಟ್ ಮಾಡಿ. ಹಣ ಬರೋಕೆ ಪಿನ್ ಬೇಡ. ವಾಟ್ಸಾಪಲ್ಲಿ ಬರೋ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲನ್ನ ಒತ್ತಲೇಬೇಡಿ. ಹಣ ಹೋಗಿಬಿಟ್ಟಿದ್ರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ಸಿಗೋದು ಕಷ್ಟ. ಬೆರಳು ಒತ್ತಿ ಹಣ ತೆಗೆಯೋ ಕಡೆ ಪ್ರತಿ ಸಲ ರಸೀದಿ ಕೇಳಿ, "ಬರ್ಲಿಲ್ಲ, ಇನ್ನೊಮ್ಮೆ ಒತ್ತಿ ಅಮ್ಮ" ಅಂದ್ರೆ ಮೊದಲನೇದು ಫೇಲ್ ಆಗಿದ್ದರ ಚೀಟಿ ಕೊಡಿ ಅಂತ ಹೇಳಿ.

ಹಂತ 8: ಬಾಯಿಮಾತು ಬಿಟ್ಟು ಬರವಣಿಗೆಗೆ ಬನ್ನಿ

ಎರಡು ಪ್ರತಿ ಅರ್ಜಿ, ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡು ನಿಮಗೆ. ಕಷ್ಟದ ಕಥೆ ಎರಡು ಪುಟ ಬೇಡ. ಹೆಸರು, ಎಫ್‌ಐಡಿ ಅಥವಾ ರೇಷನ್ ಕಾರ್ಡ್ ನಂಬರ್, ಸರ್ವೆ ನಂಬರ್, ಹಾನಿ ಆದ ದಿನ, ಪಂಚನಾಮೆ ಆದ ದಿನ, ಸ್ಟೇಟಸಲ್ಲಿ ಏನು ಬಂತು, ಏನು ಸರಿಮಾಡಿಸಿದ್ದೀರಿ, ಏನು ಮಾಡಿಕೊಡ್ಬೇಕು, ಇಷ್ಟೇ. ಮ್ಯಾಪಿಂಗ್ ಪುಟದ ಪ್ರಿಂಟ್ ಲಗತ್ತಿಸಿದ್ರೆ ಬ್ಯಾಂಕಿಗೆ ಹೋಗಿ ಅಂತ ವಾಪಸ್ ಕಳಿಸೋಕಾಗಲ್ಲ. ರಾಜ್ಯದ ಜನಸ್ಪಂದನ 1902ಕ್ಕೂ ದೂರು ಕೊಟ್ಟು ನಂಬರ್ ಬರ್ಕೊಳ್ಳಿ.

ಉತ್ತರ ಬರದಿದ್ರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. "ನನಗೆ ಯಾಕೆ ಹಣ ಕೊಟ್ಟಿಲ್ಲ" ಅಂತ ಬರೀಬೇಡಿ, ದಾಖಲೆ ಕೇಳಿ: ನನ್ನ ಹಾನಿಯ ಪಂಚನಾಮೆ ಪ್ರತಿ, ಮಂಜೂರಾದ ಮೊತ್ತ ಮತ್ತು ದಿನಾಂಕ, ಪಾವತಿಯ ವ್ಯವಹಾರ ಸಂಖ್ಯೆ, ವಾಪಸ್ ಬಂದಿದ್ರೆ ದಾಖಲಾದ ಕಾರಣ. ತೊಂದರೆ ಬ್ಯಾಂಕಿನ ಕಡೆ ಅಂತ ಖಾತ್ರಿ ಆಗಿದ್ರೆ ಶಾಖೆಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಆಗದಿದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗ್ಬಹುದು, ವಕೀಲರು ಬೇಡ, ಶುಲ್ಕ ಇಲ್ಲ, ಹೇಗೆ ಕೊಡೋದು ಅಂತ 14448ಕ್ಕೆ ಕೇಳಿದ್ರೆ ಹೇಳ್ತಾರೆ. ಶಾಖೆಗೆ ಕೊಟ್ಟ ದೂರಿನ ಸೀಲು ಹಾಕಿದ ಪ್ರತಿ ಅಲ್ಲಿ ಬೇಕಾಗ್ತದೆ, ಹಾಗಾಗಿ ಅದನ್ನ ಹಂತ 1ರ ಫೈಲಿಗೆ ಸೇರಿಸಿಡಿ.